ಹೋಗ್ರಿ ಅಂದವರು ಇದ್ದರು, ಬರ್ರಿ ಅನ್ನುವವರು ಇರಲಿಲ್ಲ: ತುಂಗಭದ್ರೆ ದಂಡೆಯ ಒಂದು ಊರಿನ ಪ್ರಕರಣ

ಕೊಪ್ಪಳ ಜಿಲ್ಲೆಯ ಗಂಗಾವತಿ–ಕಾರಟಗಿ ಸೀಮೆಯಲ್ಲಿ ತುಂಗಭದ್ರೆಯ ಎಡದಂಡೆಗೆ ಅಂಟಿಕೊಂಡಿರುವ ಒಂದು ನೆಲ್ಲಿನ ಊರು. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದೆ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಅದಲು ಬದಲು ಮಾಡಿದೆ. 2024ರ ಆಗಸ್ಟ್‌ನಲ್ಲಿ ಈ ಊರಿಗೆ ದೊಡ್ಡ ಪ್ರವಾಹವೇನೂ ಬರಲಿಲ್ಲ, ಬರಬಹುದೆಂಬ ಭಯ ಮಾತ್ರ ಒಂದು ವಾರ ಇತ್ತು. ಆ ವಾರ ಕಳೆದ ಮೇಲೆ ಊರು ಮತ್ತೆ ತನ್ನ ದಿನಚರಿಗೆ ಹೊಂದಿಕೊಳ್ಳಲು ಏನೇನು ಮಾಡಿತು, ಎಲ್ಲಿ ಎಡವಿತು ಎಂಬುದು ಈ ಬರಹದ ವಿಷಯ. ಬಂದ ನೆರೆಯನ್ನು ಎದುರಿಸುವ ಬಗ್ಗೆ ಕೈಪಿಡಿಗಳು ಸಾಕಷ್ಟಿವೆ. ಬಾರದ ನೆರೆಯಿಂದ ಹೊರಬರುವ ಬಗ್ಗೆ ಯಾರೂ ಬರೆಯುವುದಿಲ್ಲ.

ಹಿನ್ನೆಲೆ

ಊರು ಎರಡು ಎತ್ತರದಲ್ಲಿದೆ. ಶಾಲೆ, ಪಂಚಾಯಿತಿ, ಬಸವಣ್ಣನ ಗುಡಿ ಇರುವ ಮೇಲಿನ ಭಾಗ ದಿಬ್ಬದ ಮೇಲೆ. ಕೆಳಗೆ ಹೊಳಿ ಓಣಿ, ಅಲ್ಲಿ ಸುಮಾರು ಅರವತ್ತು ಮನೆ. ಅರ್ಧಕ್ಕರ್ಧ ಮಣ್ಣಿನ ಗೋಡೆಯ ಮಾಳಿಗೆ ಮನೆಗಳು, ಉಳಿದವು ಆಶ್ರಯ ಯೋಜನೆಯ ಆರ್‌ಸಿಸಿ ಮನೆಗಳು. ಊರಿನ ಹಿಂದೆ ಒಂದು ಹಳ್ಳ ಬಂದು ಹೊಳೆಗೆ ಸೇರುತ್ತದೆ. ಹೊಳೆ ತುಂಬಿ ಹರಿದಾಗ ಹಳ್ಳದ ನೀರಿಗೆ ಮುಂದೆ ಹೋಗಲು ದಾರಿ ಸಿಗದೆ ಹಿಂದಕ್ಕೆ ಒತ್ತುತ್ತದೆ. ಊರವರೆಲ್ಲ ಹೊಳೆ ನೋಡುತ್ತ ನಿಂತಿರುವಾಗ ನೀರು ಬೆನ್ನ ಹಿಂದಿನಿಂದ ಬರುವ ಊರು ಇದು. ಈ ಸಂಗತಿ ಹಳಬರಿಗೆ ಗೊತ್ತು, ತಾಲ್ಲೂಕಿನ ನಕ್ಷೆಯಲ್ಲಿ ಇಲ್ಲ.

ಆಗಸ್ಟ್ 10ರ ಶನಿವಾರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್‌ಗೇಟುಗಳಲ್ಲಿ (ಕಟ್ಟೆಯ ಮೇಲ್ಭಾಗದ ಬಾಗಿಲುಗಳಲ್ಲಿ) 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಜಲಾಶಯ ಆಗ ಬಹುತೇಕ ತುಂಬಿತ್ತು. ಅದರ ಪೂರ್ಣ ಸಾಮರ್ಥ್ಯ 105.788 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಆ ಒಂದು ಕಿಂಡಿಯಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಹರಿಯತೊಡಗಿತು. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಲು ಅವನ್ನೂ ಎತ್ತಿ, ಒಟ್ಟು ಹೊರಹರಿವನ್ನು ಒಂದು ಲಕ್ಷ ಕ್ಯೂಸೆಕ್ ಸುತ್ತಮುತ್ತ ತಂದರು. ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರು ಜಿಲ್ಲೆಗಳ ನದಿಪಾತ್ರದಲ್ಲೆಲ್ಲ ಎಚ್ಚರಿಕೆ ಹೊರಟಿತು.

ಹಿಂದಿನ ದಿನವಷ್ಟೇ ನಾಗರಪಂಚಮಿ ಮುಗಿದಿತ್ತು. ಪಂಚಮಿಗೆಂದು ತವರಿಗೆ ಬಂದ ಹೆಣ್ಣುಮಕ್ಕಳು, ಅವರ ಕೂಸುಗಳು ಮನೆಮನೆಯಲ್ಲೂ ಇದ್ದರು. ಹಾಗಾಗಿ ಪಡಿತರ ಚೀಟಿಯ ಲೆಕ್ಕ ಹಿಡಿದು ಕಾಳಜಿ ಕೇಂದ್ರಕ್ಕೆ (ಜನರ ತಾತ್ಕಾಲಿಕ ಆಸರೆಗೆ) ಅಡುಗೆ, ಚಾಪೆ ಎಣಿಸಿದ್ದು ಮೊದಲ ಹೊತ್ತಿಗೇ ಸಾಲದಾಯಿತು. ಹಬ್ಬದ ಮರುದಿನ ಜನರ ಲೆಕ್ಕವನ್ನು ಮನೆ ಬಾಗಿಲಲ್ಲಿ ಕೇಳಬೇಕು, ಕಾಗದದಲ್ಲಿ ನೋಡಬಾರದು.

ಖಾಲಿ ಮಾಡಿದ್ದು

ಭಾನುವಾರ ಬೆಳಗ್ಗೆ ಮೊಬೈಲಿನಲ್ಲಿ ಎರಡು ಬಗೆಯ ಸುದ್ದಿ ಓಡಾಡಿದವು. ಒಂದು, ‘ಡ್ಯಾಂ ಒಡೆದೈತಿ’. ಇನ್ನೊಂದು, ‘ಗೇಟ್ ಹೋಗೈತಿ’. ಮೊದಲನೆಯದನ್ನು ನಂಬಿದ ಕೆಲವರು ದನ ಬಿಟ್ಟು ಮಕ್ಕಳನ್ನಷ್ಟೇ ಎತ್ತಿಕೊಂಡು ಗಂಗಾವತಿಗೆ ಹೊರಟಿದ್ದರು. ಕಾಲುವೆ ಇಲಾಖೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಗುಡಿಕಟ್ಟೆಯ ಮೇಲೆ ಕೂತು ಲೆಕ್ಕ ಬಿಡಿಸಿದರು. ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಅದು ಹೋದರೆ ಅದರಷ್ಟೇ ಕಿಂಡಿಯಲ್ಲಿ ನೀರು ಹೋಗುತ್ತದೆ, ಕಟ್ಟೆ ಹೋದಂತಲ್ಲ. ಜುಲೈ ಕೊನೆಯಲ್ಲಿ ಹೊಳೆ ತುಂಬಿ ಹರಿದಾಗ ನೀರು ಗಂಗಮ್ಮನ ಕಟ್ಟೆಯ ಯಾವ ಮೆಟ್ಟಿಲಿಗೆ ಬಂದಿತ್ತು, ಈಗ ಎಲ್ಲಿದೆ ಎಂದು ತೋರಿಸಿದರು. ಈಗಿನದು ಒಂದು ಮೆಟ್ಟಿಲು ಕೆಳಗೇ ಇತ್ತು.

ಇದರಿಂದ ಗಾಬರಿ ಇಳಿಯಿತು. ಊರಿಗೆ ಊರೇ ಖಾಲಿ ಮಾಡುವ ಬದಲು ಹೊಳಿ ಓಣಿಯನ್ನಷ್ಟೇ ಮೇಲಕ್ಕೆ ತಂದರು. ಶಾಲೆಯ ಕೊಠಡಿಗಳಲ್ಲಿ ಜನ, ಗುಡಿಯ ಪ್ರಾಂಗಣದಲ್ಲಿ ಕಾಳಿನ ಚೀಲ, ಕಣದಲ್ಲಿ ದನ. ಮನೆಗೊಬ್ಬ ಗಂಡಸು ಕಾವಲಿಗೆ ಕೆಳಗೇ ಉಳಿದ. ಇದನ್ನು ಅಧಿಕಾರಿಗಳು ಬೇಡವೆಂದರು, ಊರವರು ಕೇಳಲಿಲ್ಲ.

ಒಂದು ತಿರುವು: ಮೆಟ್ಟಿಲು ಹೇಳಿದ್ದು, ಹೇಳದ್ದು

ಮಂಗಳವಾರದ ಹೊತ್ತಿಗೆ ಅದೇ ಮೆಟ್ಟಿಲು ತೊಡಕಾಯಿತು. ನೀರು ಏರಲಿಲ್ಲ, ಇಳಿಯಲೂ ಇಲ್ಲ. ‘ಹೋದ ತಿಂಗಳ ಇದಕ್ಕಿಂತ ಜಾಸ್ತಿ ಬಂದಿತ್ರಿ, ಆಗ ಯಾರೂ ಏಳಿಸಲಿಲ್ಲ. ಈಗ್ಯಾಕ ಇಲ್ಲಿ ಕುಂದ್ರಬೇಕು?’ ಎಂಬ ಪ್ರಶ್ನೆ ಎದ್ದಿತು. ಕೇಳಿದವರ ಮಾತಿನಲ್ಲಿ ಹುರುಳಿತ್ತು. ಆದರೆ ಕಟ್ಟೆಯ ಮೆಟ್ಟಿಲು ಹೇಳುವುದು ಈಗ ಹರಿಯುತ್ತಿರುವ ನೀರನ್ನು. ಮೇಲೆ ಉಳಿದ 32 ಗೇಟುಗಳ ಚೈನುಗಳೂ ಆಗ ಅಷ್ಟೇ ಹಳೆಯವಾಗಿದ್ದವು ಎಂಬುದನ್ನು ಅದು ಹೇಳದು. ಅಣೆಕಟ್ಟೆಯಲ್ಲಿ ನೀರು ಸಂಗ್ರಹಿಸತೊಡಗಿದ್ದು 1953ರಲ್ಲಿ. ಇನ್ನೆರಡು ಗೇಟು ಹೋಗಿದ್ದರೆ ನೀರು ಊರು ಮುಟ್ಟಲು ಒಂದು ಹಗಲು ಸಾಕಿತ್ತು.

ಇಲ್ಲಿ ಊರಿಗೆ ನೆರವಾದದ್ದು ಶಾಲೆಯ ಕರಿಹಲಗೆ. ಪ್ರೌಢಶಾಲೆಯ ಗಣಿತ ಶಿಕ್ಷಕರು ದಿನಕ್ಕೆರಡು ಬಾರಿ ಜಲಾಶಯದ ಅಧಿಕೃತ ಅಂಕಿಗಳನ್ನು ಬರೆಯತೊಡಗಿದರು: ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ಕೆಳಗೆ ಒಂದೇ ಸಾಲಿನ ಲೆಕ್ಕ: ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಖಾಲಿ. ಒಳಹರಿವು ಕಳೆದರೆ ದಿನಕ್ಕೆಷ್ಟು ಇಳಿಯುತ್ತದೆ ಎಂಬುದು ಯಾರಿಗೂ ತಿಳಿಯುವಂತಾಯಿತು. ಪಕ್ಕದಲ್ಲಿ ಇನ್ನೊಂದು ವಿವರಣೆ: ಗೇಟಿನ ಹಿಂದೆ 20 ಅಡಿ ನಿಂತಿದ್ದ ನೀರು 10 ಅಡಿಗೆ ಇಳಿದರೆ ಗೇಟಿನ ಮೇಲಿನ ಒಟ್ಟು ಒತ್ತಡ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಅಂದರೆ ಹೊಳೆ ಇಳಿಯದಿದ್ದರೂ ಅಪಾಯ ದಿನದಿನಕ್ಕೆ ಇಳಿಯುತ್ತಿತ್ತು. ಜನ ಕಾಯಲು ಒಪ್ಪಿದ್ದು ಇದನ್ನು ನೋಡಿ, ಧ್ವನಿವರ್ಧಕದ ಘೋಷಣೆ ಕೇಳಿ ಅಲ್ಲ.

ಆಗಸ್ಟ್ 15ರ ಧ್ವಜಾರೋಹಣ ಕಾಳಜಿ ಕೇಂದ್ರದ ಜನರ ನಡುವೆಯೇ ಆಯಿತು. ಮರುದಿನ ರಾತ್ರಿ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಮೊದಲ ಸ್ಟಾಪ್‌ಲಾಗ್ (ಕಿಂಡಿ ಮುಚ್ಚುವ ತಾತ್ಕಾಲಿಕ ಉಕ್ಕಿನ ತಡೆಯ ಭಾಗ) ಕೂತಿತು. 17ರ ಹೊತ್ತಿಗೆ ಐದೂ ಭಾಗಗಳು ಕೂತು ಕಿಂಡಿ ಮುಚ್ಚಿತು. ಜಲಾಶಯದಲ್ಲಿ ಉಳಿದದ್ದು ಸುಮಾರು 71 ಟಿಎಂಸಿ.

ಸಮಸ್ಯೆ ಶುರುವಾದದ್ದು ಆಮೇಲೆ

‘ಹೋಗ್ರಿ ಅನ್ನಾಕ ತಹಶೀಲ್ದಾರ್ರು ಬಂದ್ರು, ಪೊಲೀಸ್ರು ಬಂದ್ರು, ಡಂಗುರಾನೂ ಆತು. ಬರ್ರಿ ಅನ್ನಾಕ ಯಾರೂ ಬರಲಿಲ್ಲ್ರಿ’ ಎಂದು ಓಣಿಯ ಅಜ್ಜಿಯೊಬ್ಬರು ಹೇಳಿದ್ದು ಪೂರ್ತಿ ನಿಜ. ಖಾಲಿ ಮಾಡಿಸುವ ಆದೇಶಕ್ಕೆ ಒಂದು ಸರಣಿ ಇದೆ. ಮರಳುವುದಕ್ಕೆ ಅಂಥದ್ದೇನೂ ಇರಲಿಲ್ಲ. ಸುರಕ್ಷಿತವಾಗಿದೆ ಎಂದು ಬರೆದುಕೊಟ್ಟು ಆಮೇಲೆ ಹೊಣೆ ಹೊರಲು ಯಾರಿಗೂ ಮನಸ್ಸಿಲ್ಲ. ಶನಿವಾರ ಮಧ್ಯಾಹ್ನವೇ ಹತ್ತಾರು ಮನೆಯವರು ತಮ್ಮಷ್ಟಕ್ಕೆ ಗಂಟುಮೂಟೆ ಕಟ್ಟಿ ಇಳಿಯತೊಡಗಿದರು. ಇತ್ತ ಶಾಲೆಯವರಿಗೆ ಸೋಮವಾರ ತರಗತಿ ನಡೆಸಬೇಕಿತ್ತು.

ಪಿಡಿಒ, ವಾಟರ್‌ಮನ್, ಲೈನ್‌ಮನ್, ಆಶಾ ಕಾರ್ಯಕರ್ತೆ, ಗ್ರಾಮ ಆಡಳಿತಾಧಿಕಾರಿ, ಓಣಿಯ ನಾಲ್ವರು ಕೂತು ಮೂರು ಷರತ್ತು ಬರೆದು ಅದೇ ಕರಿಹಲಗೆಯ ಮೇಲೆ ಹಾಕಿದರು. ಹೊರಹರಿವು ಇಳಿದು ಒಂದು ಹಗಲು, ಒಂದು ರಾತ್ರಿ ಹಾಗೇ ನಿಂತಿರಬೇಕು. ಓಣಿಯ ಟಿಸಿಯಿಂದ (ವಿದ್ಯುತ್ ಪರಿವರ್ತಕದಿಂದ) ಮನೆ ಮೀಟರಿನ ತನಕ ಲೈನ್‌ಮನ್ ನೋಡಿ ಒಪ್ಪಿರಬೇಕು. ಓಣಿಯ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆ ಹಳದಿ ತೋರಿಸಿರಬೇಕು, ಅಂದರೆ ನೀರಿನಲ್ಲಿ ಕ್ಲೋರಿನ್ ಉಳಿದಿರಬೇಕು. ಮೂರಕ್ಕೂ ಗುರುತು ಬಿದ್ದ ಮೇಲೆ ಮುದುಕರು, ಬಾಣಂತಿಯರು, ಮಕ್ಕಳು ಇಳಿಯುವುದು. ಅದಕ್ಕೆ ಮೊದಲು ಕೆಲಸ ಮಾಡುವ ಗಂಡಸರು, ಹೆಂಗಸರು ಹಗಲು ಮಾತ್ರ ಹೋಗಿ ಬರುವುದು. ಹಗಲು ಹೋಗಿ ರಾತ್ರಿ ಮೇಲೆ ಮಲಗುವ ಈ ನಡುಹಂತವೇ ಈ ಪ್ರಕರಣದ ಒಳ್ಳೆಯ ನಿರ್ಧಾರ. ಅದಕ್ಕೆ ಕಾರಣ ಮಾಳಿಗೆಗಳು.

ಮಾಳಿಗೆ ಮನೆ

ಹೊಳೆಯ ನೀರು ಓಣಿಗೆ ನುಗ್ಗಿರಲಿಲ್ಲ. ಹಿಂದಿನ ಹಳ್ಳ ಒತ್ತಿ ಹತ್ತಿರದ ಕೆಲವು ಮನೆಗಳ ಹಿತ್ತಲಲ್ಲಿ ಮೊಣಕಾಲುದ್ದ ನೀರು ನಾಲ್ಕೈದು ದಿನ ನಿಂತಿತ್ತು. ಒಳಗೆ ಹೋಗಿ ನೋಡಿದರೆ ನೆಲ ಒಣಗಿಯೇ ಇತ್ತು. ಆದರೆ ನೆನೆದದ್ದು ಗೋಡೆಯ ಬುಡ. ಎರಿ (ಕಪ್ಪು ಮಣ್ಣಿನ) ನೆಲ ನೀರು ಕುಡಿದಾಗ ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಮಣ್ಣಿನ ಗೋಡೆ ಬೀಳುವುದು ನೀರಿನಲ್ಲಿ ನಿಂತಾಗ ಮಾತ್ರ ಅಲ್ಲ, ನೀರು ಇಳಿದು ಬಿಸಿಲು ಬಿದ್ದ ಎರಡು–ಮೂರನೇ ದಿನವೂ ಬೀಳಬಹುದು. ಮೇಲೆ ಮರದ ತೊಲೆ, ಜಂತೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು ಹೇರಿದ ಮಾಳಿಗೆ. ಬುಡ ಸರಿದರೆ ಅಷ್ಟೂ ಭಾರ ಮಲಗಿದವರ ಮೇಲೆ.

ಪರೀಕ್ಷೆಗೆ ಗೌಂಡಿಯೊಬ್ಬರನ್ನು ಕರೆದರು. ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ನೆತ್ತಿಯಿಂದ ಇಳಿಬಿಟ್ಟು, ಬುಡದಲ್ಲಿ ಹೊಟ್ಟೆ ಬಂದಿದೆಯೇ ನೋಡುವುದು. ಬಿರುಕಿನ ಎರಡೂ ತುದಿಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯುವುದು. ಮರುದಿನ ಬಿರುಕು ಗೆರೆ ದಾಟಿದ್ದರೆ ಆ ಮನೆ ಖಾಲಿ. ತೊಲೆ ಗೋಡೆಯ ಮೇಲೆ ಕೂತ ಜಾಗದಲ್ಲಿ ಹೊಸ ಮಣ್ಣುದುರಿದ್ದರೆ ಕೂಡಲೇ ಊರುಗಂಬ ಕೊಡುವುದು. ಹೀಗೆ ನೋಡಿದಾಗ ಎರಡು ಮನೆಗಳ ಬಿರುಕು ಬೆಳೆಯುತ್ತಿದ್ದುದು ಗೊತ್ತಾಯಿತು. ಒಂದು ಮನೆಯ ಹಿತ್ತಲ ಗೋಡೆ ಭಾನುವಾರ ಮಧ್ಯಾಹ್ನ ಕುಸಿಯಿತು. ಒಳಗೆ ಯಾರೂ ಇರಲಿಲ್ಲ.

ಕುಡಿಯುವ ನೀರು

ಓಣಿಗೆ ನೀರು 50 ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕಿನಿಂದ ಬರುತ್ತದೆ. ಮಾಮೂಲಿ ದಿನಗಳಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ ಟ್ಯಾಂಕಿಗೆ 125 ಗ್ರಾಂ. ನೆರೆಯ ಹೊತ್ತಿಗೆ ಇಮ್ಮಡಿ, 250 ಗ್ರಾಂ ಹಾಕಿದರು. ಪೌಡರನ್ನು ನೇರ ಟ್ಯಾಂಕಿಗೆ ಸುರಿಯದೆ ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರುವ ತನಕ ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಹಾಕಿ, ಒಂದು ತಾಸು ಬಿಟ್ಟು ವಾಲ್ವ್ ತೆಗೆದರು. ವಿಧಾನದಲ್ಲಿ ಲೋಪವಿರಲಿಲ್ಲ. ಆದರೂ ಕೊನೆಯ ನಲ್ಲಿಯ ಪರೀಕ್ಷಾ ಕೊಳವೆಯಲ್ಲಿ ಹಳದಿ ಬಣ್ಣ ಬರಲೇ ಇಲ್ಲ.

ಮೊದಲ ಕಾರಣ ಚೀಲದಲ್ಲಿತ್ತು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿ ಪಂಪ್‌ಹೌಸಿನ ಸೆಕೆಯಲ್ಲಿಟ್ಟ ಚೀಲದಲ್ಲಿ ಅದು ತಿಂಗಳುಗಳಲ್ಲಿ ಅರ್ಧಕ್ಕೂ ಇಳಿಯುತ್ತದೆ. ಮೂಗಿಗೆ ಹೊಡೆಯುವ ಘಾಟು ಇಲ್ಲದೆ ಗಂಟುಗಟ್ಟಿದ ಪೌಡರು ಬರೀ ಸುಣ್ಣಕ್ಕೆ ಸಮ. ಹೊಸ ಚೀಲ ತರಿಸಿ ಹಾಕಿದ ಮೇಲೆ ಟ್ಯಾಂಕಿನ ಬುಡದ ನಲ್ಲಿಯಲ್ಲಿ ಹಳದಿ ಬಂತು. ಓಣಿಯ ಕೊನೆಯಲ್ಲಿ ಆಗಲೂ ಇಲ್ಲ. ಅಷ್ಟರಲ್ಲಿ ತಾವಾಗಿ ಇಳಿದಿದ್ದ ಮನೆಗಳಲ್ಲಿ ಮೂವರಿಗೆ ವಾಂತಿಭೇದಿ ಶುರುವಾಗಿತ್ತು.

ಎರಡನೇ ಕಾರಣ ಹಳ್ಳದ ಪಕ್ಕದ ವಾಲ್ವ್ ಗುಂಡಿ. ಅಲ್ಲಿ ನಿಂತ ಕೊಳೆನೀರಿನಲ್ಲಿ ವಾಲ್ವ್ ಮುಳುಗಿತ್ತು, ಅದರ ಗ್ಲ್ಯಾಂಡ್ (ನೀರು ಸೋರದಂತೆ ದಾರ ತುಂಬಿ ಬಿಗಿದ ಭಾಗ) ಸಡಿಲವಾಗಿತ್ತು. ನೀರು ಬಿಟ್ಟಾಗ ಪೈಪಿನ ಒತ್ತಡದಿಂದ ನೀರು ಹೊರಗೆ ಸೋರುತ್ತದೆ, ಅದು ಯಾರಿಗೂ ದೊಡ್ಡದೆನಿಸುವುದಿಲ್ಲ. ಬಂದ್ ಮಾಡಿದಾಗ ಇಳಿಜಾರಿನಲ್ಲಿ ಪೈಪಿನ ನೀರು ಕೆಳಗೆ ಸರಿದು ಒಳಗೆ ಎಳೆತ ಉಂಟಾಗಿ, ಗುಂಡಿಯ ಕೊಳೆನೀರು ಅದೇ ಸಂದಿನಿಂದ ಒಳಗೆ ಹೋಗುತ್ತದೆ. ದಿನಕ್ಕೊಂದು ತಾಸು ನೀರು ಬಿಡುವ ಎಲ್ಲ ಊರುಗಳಿಗೂ ಈ ಕುತ್ತು ಇದೆ, ನೆರೆಯಲ್ಲಿ ಎದ್ದು ಕಾಣುತ್ತದೆ ಅಷ್ಟೇ. ಗುಂಡಿ ಬತ್ತಿಸಿ, ಗ್ಲ್ಯಾಂಡ್ ದಾರ ಬದಲಿಸಿ, ನಟ್ಟು ಬಿಗಿದು, ಕೊನೆಯ ನಲ್ಲಿಗಳನ್ನೆಲ್ಲ ತೆರೆದಿಟ್ಟು ಕ್ಲೋರಿನ್ ವಾಸನೆ ಬರುವ ತನಕ ಹರಿಸಿ, ಬಂದ್ ಮಾಡಿ ಒಂದು ತಾಸು ಬಿಟ್ಟರು. ಆಮೇಲೆ ಲೀಟರಿಗೆ ಅರ್ಧ ಮಿಲಿಗ್ರಾಂ ತೋರಿಸಿತು. ಆ ತನಕ ಎರಡು ದಿನ ಓಣಿಗೆ ಟ್ಯಾಂಕರ್ ನೀರು. ಟ್ಯಾಂಕರಿನ ನೀರಿಗೂ ಪರೀಕ್ಷೆ ಬೇಕೆಂದು ಆಶಾ ಕಾರ್ಯಕರ್ತೆ ಹಟ ಹಿಡಿದದ್ದು ಒಳ್ಳೆಯದಾಯಿತು, ಮೊದಲ ಟ್ಯಾಂಕರಿನಲ್ಲಿ ಕ್ಲೋರಿನ್ ಇರಲಿಲ್ಲ.

ದಂಡೆಯ ಮೋಟಾರುಗಳು

ಹೊಳೆ ದಂಡೆಯಲ್ಲಿ ರೈತರ ಹತ್ತು ಎಚ್‌ಪಿ ಪಂಪ್‌ಸೆಟ್‌ಗಳು ಸಾಲಾಗಿವೆ. ಭಾನುವಾರ ಬೆಳಗ್ಗೆಯೇ ಬಿಚ್ಚಿ ಮೇಲೆ ತಂದವರು ಹೆಚ್ಚು, ನಾಳೆ ನೋಡೋಣ ಎಂದು ಬಿಟ್ಟವರು ಐದಾರು ಜನ. ಮುಳುಗಿದವು ಬಿಟ್ಟವರವೇ. ಆದರೆ ಮೇಲೆ ತಂದವರಿಗೂ ತಾಪತ್ರಯ ತಪ್ಪಲಿಲ್ಲ. ಗಡಿಬಿಡಿಯಲ್ಲಿ ವೈರು ಕತ್ತರಿಸಿದ್ದರು, ಯಾವ ಫೇಸ್ ಯಾವುದಕ್ಕೆ ಎಂಬ ಗುರುತಿರಲಿಲ್ಲ. ಮರಳಿ ಕಟ್ಟಿದಾಗ ಎರಡು ಫೇಸ್ ಅದಲು ಬದಲಾಗಿ ಮೋಟಾರು ಉಲ್ಟಾ ತಿರುಗಿತು. ಸದ್ದು ಬರುತ್ತದೆ, ನೀರು ಏರುವುದಿಲ್ಲ. ಫುಟ್‌ವಾಲ್ವ್‌ನಲ್ಲಿ ಹೂಳು ಕೂತಿದೆ ಎಂದುಕೊಂಡು ಒಬ್ಬರು ಸಕ್ಷನ್ ಪೈಪನ್ನೆಲ್ಲ ಬಿಚ್ಚಿದ ಮೇಲೆ ತಿಳಿಯಿತು. ಬಿಚ್ಚುವ ಮೊದಲು ಫ್ಯೂಸ್ ತೆಗೆದು, ಮೂರು ವೈರಿಗೆ ಕೆಂಪು, ಹಳದಿ, ನೀಲಿ ಟೇಪು ಸುತ್ತುವುದು ಎರಡು ನಿಮಿಷದ ಕೆಲಸ.

ಮುಳುಗಿದ ಮೋಟಾರುಗಳಲ್ಲಿ ಒಂದನ್ನು ಮೇಲೆತ್ತಿ, ಮೂರು ದಿನ ಬಿಸಿಲಿಗಿಟ್ಟು ಸ್ವಿಚ್ ಹಾಕಿದರು. ಹೊರಗೆ ಬೆಂಕಿಯಂತೆ ಕಾದಿದ್ದರೂ ಸುರುಳಿಯ ನಡುವೆ ಮೆತ್ತಿದ ರೇವೆಯಲ್ಲಿ ತೇವ ಉಳಿದಿತ್ತು. ವೈಂಡಿಂಗ್ ಸುಟ್ಟಿತು. ಉಳಿದವನ್ನು ಕಾರಟಗಿಯಿಂದ ಬಂದ ಮೆಕ್ಯಾನಿಕ್ ಕ್ರಮವಾಗಿ ಮಾಡಿದರು. ಕವರ್ ಬಿಚ್ಚಿ ಸಿಹಿನೀರಿನಲ್ಲಿ ರೇವೆ ತೊಳೆದು, ತಗಡು ಮುಚ್ಚಿದ ಗೂಡಿನಲ್ಲಿ 200 ವ್ಯಾಟಿನ ಬಲ್ಬುಗಳನ್ನು ಒಂದೂವರೆ–ಎರಡು ದಿನ ಉರಿಸಿ, 500 ವೋಲ್ಟ್ ಮೆಗ್ಗರಿನಿಂದ (ಇನ್ಸುಲೇಶನ್ ಅಳೆಯುವ ಸಾಧನದಿಂದ) ವೈಂಡಿಂಗ್ ಮತ್ತು ಬಾಡಿಯ ನಡುವೆ ಅಳತೆ ತೆಗೆದರು. ಒಂದು ಮೆಗಾಓಮ್ ದಾಟದಿದ್ದರೆ ಮತ್ತೆ ಗೂಡಿಗೆ. ದಾಟಿದ ಮೇಲೆ ಬೇರಿಂಗಿನ ಹಳೆಯ ಗ್ರೀಸ್ ಪೂರ್ತಿ ತೆಗೆದು ಹೊಸದು ತುಂಬಿ, ಸ್ಟಾರ್ಟರಿನ ಕಾಂಟ್ಯಾಕ್ಟ್ ಉಜ್ಜಿ, ಕೊನೆಗೆ ಕರೆಂಟು. ಆಮೇಲೆ ಒಂದೂ ಸುಡಲಿಲ್ಲ.

ನಾಟಿ ಮಾಡುವುದೋ ಬಿಡುವುದೋ

ಹೊಳೆಯ ಅಂಚಿನ ಗದ್ದೆಗಳಲ್ಲಿ ನಾಟಿ ಮಾಡಿ ಮೂರು ವಾರವಾಗಿದ್ದ ನೆಲ್ಲು ಮುಳುಗಿತ್ತು. ತುದಿ ಹೊರಗಿದ್ದ ಪೈರು ಚೇತರಿಸಿಕೊಂಡಿತು, ಪೂರ್ತಿ ಐದು ದಿನ ಮುಳುಗಿದ್ದು ಕೊಳೆಯಿತು. ನೀರು ಇಳಿದ ಕೂಡಲೇ ಯೂರಿಯಾ ಎರಚಿದವರ ಗದ್ದೆಯಲ್ಲಿ ಎಲೆ ಅಂಚು ಒಣಗುವ ದುಂಡಾಣು ರೋಗ ಬೇಗ ಹಬ್ಬಿತು. ಬೇರು ಇನ್ನೂ ಉಸಿರು ಹಿಡಿದಿರದ ಪೈರಿಗೆ ಗೊಬ್ಬರ ಹಾಕುವುದು ರೋಗಕ್ಕೆ ಹಾಕಿದಂತೆಯೇ. ನೀರನ್ನು ಎರಡು ಇಂಚಿಗೆ ಇಳಿಸಿ, ವಾರ ಬಿಟ್ಟು ಹೊಸ ಎಲೆ ಕಂಡ ಮೇಲೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟವರು ಗೆದ್ದರು.

ಇದಕ್ಕಿಂತ ಬಿಕ್ಕಟ್ಟಾದದ್ದು ಕಾಲುವೆ ಬಯಲಿನ ಪ್ರಶ್ನೆ. ನೀರು ಹೆಚ್ಚಾಯಿತೆಂಬ ಭಯ ಒಂದೇ ವಾರದಲ್ಲಿ ನೀರು ಸಾಲದೆಂಬ ಭಯವಾಗಿ ತಿರುಗಿತು. ಮೂವತ್ತಕ್ಕೂ ಹೆಚ್ಚು ಟಿಎಂಸಿ ಹೊಳೆಗೆ ಹೋಗಿದೆ, ನವೆಂಬರ್ ತನಕ ಎಡದಂಡೆ ಕಾಲುವೆ ಹರಿಯುತ್ತದೆಯೇ? ನಾಟಿ ಬಾಕಿ ಇದ್ದವರು ಕೈಕಟ್ಟಿ ಕೂತರು, ಸಸಿಮಡಿಯಲ್ಲಿ ಸಸಿ ಬಲಿಯುತ್ತಿತ್ತು. 25–30 ದಿನಕ್ಕೆ ಕಿತ್ತು ನೆಡಬೇಕಾದ ಸಸಿ ನಲವತ್ತು ದಾಟಿದರೆ ತೆಂಡೆ ಒಡೆಯುವುದು (ಬುಡದಿಂದ ಮರಿ ಪೈರು ಬರುವುದು) ಕಡಿಮೆ. ಮಳೆಗಾಲ ಇನ್ನೂ ಒಂದೂವರೆ ತಿಂಗಳಿದೆ, ಮಲೆನಾಡಿನ ಒಳಹರಿವು ನಿಂತಿಲ್ಲ ಎಂದು ಲೆಕ್ಕ ಹಾಕಿದ ಗುಂಪು ನಾಟಿ ಮಾಡಿತು: ಬಲಿತ ಸಸಿಯಾದ್ದರಿಂದ ಗುಣಿಗೆ ಎರಡರ ಬದಲು ನಾಲ್ಕು, ಸಾಲಿನ ಅಂತರ ಸ್ವಲ್ಪ ಕಡಿಮೆ. ಕಾದವರು ಕೊನೆಗೆ ಸಸಿ ಕೊಂಡು ತರಬೇಕಾಯಿತು. ಸೆಪ್ಟೆಂಬರಿನಲ್ಲಿ ಜಲಾಶಯ ಮತ್ತೆ ತುಂಬುತ್ತ ಬಂತು. ನಾಟಿ ಮಾಡಿದವರು ಜೂಜಾಡಿದರು ಎಂದು ಹೇಳುವವರು ಊರಲ್ಲಿ ಈಗಲೂ ಇದ್ದಾರೆ. ಅಂಕಿ ನೋಡಿ ಆಡಿದ್ದನ್ನು ಜೂಜು ಎನ್ನುವುದು ನ್ಯಾಯವಲ್ಲ.

ಹಣದ ಬಾಬತ್ತು

ಪರಿಹಾರದ ನಿಯಮ ಹಾನಿಗೆ ಇದೆ, ಭಯಕ್ಕೆ ಇಲ್ಲ. ನೀರಾವರಿ ಬೆಳೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ 2024ರಲ್ಲಿದ್ದ ಕೇಂದ್ರದ ಮಾರ್ಗಸೂಚಿಯಂತೆ ಹೆಕ್ಟೇರಿಗೆ 17 ಸಾವಿರ ರೂಪಾಯಿ ಸಿಗುತ್ತಿತ್ತು, ಎರಡು ಹೆಕ್ಟೇರಿನ ಮಿತಿಯಲ್ಲಿ. ಕೊಳೆತ ಗದ್ದೆಯವರು ಜಂಟಿ ಸಮೀಕ್ಷೆಗೆ ಮೊದಲೇ ಉಳುಮೆ ಮಾಡಿ ಮರುನಾಟಿಗೆ ಇಳಿದಿದ್ದರೆ ಅದೂ ಕೈತಪ್ಪುತ್ತಿತ್ತು. ಪ್ರತಿ ಗದ್ದೆಯ ಒಂದು ಮೂಲೆಯನ್ನು ಹಾಗೇ ಬಿಟ್ಟು, ಜಿಪಿಎಸ್ ಗುರುತಿನ ಫೋಟೋ ತೆಗೆದು, ಪಹಣಿ ಸರ್ವೆ ನಂಬರು ಬರೆದ ಹಾಳೆಯನ್ನು ಚಿತ್ರದಲ್ಲೇ ಹಿಡಿದು ನಿಲ್ಲಿ ಎಂದು ಗ್ರಾಮ ಆಡಳಿತಾಧಿಕಾರಿ ಹೇಳಿಕೊಟ್ಟದ್ದು ಉಪಯೋಗಕ್ಕೆ ಬಂತು. ಟ್ರ್ಯಾಕ್ಟರ್ ಬಾಡಿಗೆ, ಹೋದ ಕೂಲಿ, ಮೋಟಾರು ರಿಪೇರಿ ಇವಕ್ಕೆ ಯಾವ ಬಾಬತ್ತೂ ಸಿಗಲಿಲ್ಲ. ದಂಡೆಯ ಪಂಪ್‌ಸೆಟ್ ಮಾಲೀಕರು ಆಮೇಲೆ ಎಕರೆ ಲೆಕ್ಕದಲ್ಲಿ ವಂತಿಗೆ ಹಾಕಿ, ಮೋಟಾರು ಎಳೆಯಲು ಒಂದು ಚೈನ್‌ಪುಲ್ಲಿ ಮತ್ತು ಮೆಗ್ಗರ್ ಕೊಂಡು ಸೊಸೈಟಿಯಲ್ಲಿ ಇಟ್ಟಿದ್ದಾರೆ.

2025ರ ಮಳೆಗಾಲದಲ್ಲಿ ಹಳೆಯ ಗೇಟುಗಳ ಕಾರಣಕ್ಕೆ ಜಲಾಶಯದ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು, ಬಂದ ಹೆಚ್ಚಿನ ನೀರನ್ನೆಲ್ಲ ಹೊಳೆಗೇ ಬಿಟ್ಟರು. ಗಂಗಮ್ಮನ ಕಟ್ಟೆಗೆ ಪಂಚಾಯಿತಿಯವರು ಬಣ್ಣದ ಅಳತೆಪಟ್ಟಿ ಬರೆಸಿದ್ದಾರೆ, ಹಳ್ಳದ ಸಿಡಿಯ (ಸಣ್ಣ ಸೇತುವೆಯ) ಗೋಡೆಗೂ ಒಂದು ಬರೆಸಿದ್ದಾರೆ. ಮರಳುವ ಮೂರು ಷರತ್ತುಗಳಿಗೆ ಮಣ್ಣಿನ ಗೋಡೆಯ ತಪಾಸಣೆಯನ್ನು ನಾಲ್ಕನೆಯದಾಗಿ ಸೇರಿಸಿ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಿದ್ದಾರೆ. ವಾಲ್ವ್ ಗುಂಡಿಯ ಕಟ್ಟೆಯನ್ನು ನೆಲಮಟ್ಟದಿಂದ ಎರಡು ಅಡಿ ಎತ್ತರಿಸಿ ಮುಚ್ಚಳ ಹಾಕುವ ಕೆಲಸ ಮಾತ್ರ ಕ್ರಿಯಾಯೋಜನೆಯಲ್ಲಿ ಹೆಸರಾಗಿಯೇ ಉಳಿದಿದೆ. ಖರ್ಚು ಸಣ್ಣದು, ಆದರೆ ಗುಂಡಿ ಇರುವ ಜಾಗ ಯಾವ ಇಲಾಖೆಯದು ಎಂಬುದು ಇತ್ಯರ್ಥವಾಗಿಲ್ಲ.